ಫಿಲ್ಟರ್ ಸರಿ, ಮುಚ್ಚಳ ಸರಿ

ಫೆಬ್ರವರಿ 7, ಶನಿವಾರ. ಬೆಳಗ್ಗೆ 8.10

ಫಿಲ್ಟರ್ ಸರಿ. ಮುಚ್ಚಳ ಸರಿ. ಗಾಳಿ ಇಲ್ಲ. ಟೆಲಿಸ್ಕೋಪಿನಲ್ಲಿ ಸೂರ್ಯನ ಮೇಲೆ ಕಪ್ಪು ಕಲೆಗಳ ಗುಂಪು 4, ಕಲೆ 31. ಗುಂಪಿಗೆ ಹತ್ತರಂತೆ ಸೇರಿಸಿದರೆ ಇವತ್ತಿನ ಸಂಖ್ಯೆ 71. ಈ ವರ್ಷ ಇಷ್ಟು ಬಂದಿರಲಿಲ್ಲ. ನಡುವಿನತ್ತ ಸರಿಯುತ್ತಿರುವ ಗುಂಪು ಭಾರೀ ಆಸಾಮಿ. ನಮ್ಮ ಭೂಮಿಯಂಥ ನಾಲ್ಕೈದನ್ನು ನುಂಗಿ ನೀರು ಕುಡಿಯುವಂಥದ್ದು.

ಎರಡು ಸಾವಿರ ಫ್ರೇಮ್ ವಿಡಿಯೋ. ಅದರಲ್ಲಿ ಚೆನ್ನಾಗಿರುವ ಇನ್ನೂರನ್ನು ಹೆಕ್ಕಿ ಒಂದರ ಮೇಲೊಂದು ಪೇರಿಸಿದರೆ ಒಂದು ಚಿತ್ರ. ಉಳಿದದ್ದು ಕಸ. ನನ್ನ ಟೈಲ್ಸ್ ಅಂಗಡಿಗೆ ಬರುವ ಗಿರಾಕಿಗಳದೂ ಹೆಚ್ಚುಕಡಿಮೆ ಇದೇ ಪ್ರಮಾಣ.

ಚಿತ್ರ ನೋಡಿ ನಮ್ಮ ಕಟ್ಟಡದವರೆಲ್ಲ ನಾಳೆ ಮಹಡಿಗೆ ಬರುತ್ತಾರಂತೆ. ತಂಗಿಗೂ ಹೇಳಿದ್ದೇನೆ. ಟೆಲಿಸ್ಕೋಪು ಸೂರ್ಯನ ಹಿಂದೆಯೇ ತಿರುಗಲು ಒಂದು ಮೋಟಾರಿದೆ. ಅದರ ಹಲ್ಲುಚಕ್ರ ಸವೆದಾಗ ಕಂಪನಿಯವರು ಕೈಯೆತ್ತಿದರು. ತಂಗಿ ತನ್ನ ಗಡಿಯಾರ ರಿಪೇರಿ ಮೇಜಿನ ಮುಂದೆ ಕೂತು ಎರಡು ದಿನದಲ್ಲಿ ಹೊಸದು ಕೊರೆದುಕೊಟ್ಟಳು. ಅದು ಸೂರ್ಯನನ್ನು ಹಿಡಿದಿರುವುದನ್ನು ಒಮ್ಮೆಯೂ ಬಂದು ನೋಡಿಲ್ಲ.

ಸಂಜೆ 6. ಬಿಸಿಲಿಳಿದ ಮೇಲೆ ಮುಚ್ಚಳ ತೆಗೆದು ಫೈಂಡರ್ ಹೊಂದಿಸಿದೆ. ದೊಡ್ಡ ಕೊಳವೆಯ ಬೆನ್ನ ಮೇಲೆ ಕೂತ ಪುಟ್ಟ ದುರ್ಬೀನು ಅದು, ಗುರಿ ಹಿಡಿಯಲಿಕ್ಕೆ. ದೂರದ ಟವರ್ ತುದಿ ಎರಡರಲ್ಲೂ ನಡುವಿಗೆ ಬಂತು. ದೊಡ್ಡದಕ್ಕಿರುವ ಬಿಸಿಲು ತಡೆಯುವ ಫಿಲ್ಟರ್ ಇದಕ್ಕಿಲ್ಲ, ಹಗಲಲ್ಲಿ ಬಿಚ್ಚಿಡಬೇಕು ಅನ್ನುತ್ತಾರೆ. ಬಿಚ್ಚಿದರೆ ಮತ್ತೆ ಹೊಂದಿಸುವ ರಗಳೆ. ಮುಚ್ಚಳ ಹಾಕಿದರೆ ಸಾಕು.

ಫೆಬ್ರವರಿ 8, ಭಾನುವಾರ. 7.40

ಫಿಲ್ಟರ್ ಸರಿ. ಮುಚ್ಚಳ ಸರಿ. (ಈ ಎರಡು ಸಾಲು ಕೆಳಗೆ ಕಾಫಿ ಕುಡಿಯುತ್ತಲೇ ಬರೆದುಬಿಡುತ್ತೇನೆ. ಹನ್ನೊಂದು ವರ್ಷ ಒಮ್ಮೆಯೂ ತಪ್ಪಿಲ್ಲದ ಮೇಲೆ ಹತ್ತಿ, ನೋಡಿ, ಇಳಿದು ಯಾಕೆ ಬರೆಯಬೇಕು.)

11.30. ಒಂಬತ್ತು ಜನ ಬಂದಿದ್ದರು. ದೊಡ್ಡ ಕೊಳವೆಗೆ ಕ್ಯಾಮೆರಾ ಸಿಕ್ಕಿಸಿತ್ತು. ಎಲ್ಲರೂ ಕಪ್ಪು ಬಟ್ಟೆಯೊಳಗೆ ತಲೆ ತೂರಿಸಿ ಲ್ಯಾಪ್‌ಟಾಪ್ ಪರದೆ ನೋಡಿದರು. ನನಗೆ ಬಾಯಿ ಕೊಟ್ಟರೆ ಕೇಳಬೇಕೇ. ಎಂಟನೇ ಕ್ಲಾಸಿಗೆ ಶಾಲೆ ಬಿಟ್ಟವನು ಸೂರ್ಯನಿಗೆ ಹಾಜರಿ ಹಾಕುತ್ತಿದ್ದೇನೆ ಎಂದೆ. ನಕ್ಕರು. ನಿವೃತ್ತ ಹೆಡ್‌ಮೇಷ್ಟ್ರು ಪ್ರಶ್ನೆ ಕೇಳಿದರು, ನಾನು ಉತ್ತರ ಹೇಳಿದೆ! ಆ ಸುಖವೇ ಬೇರೆ.

ತಂಗಿ ಪರದೆಯತ್ತ ಸುಳಿಯಲೂ ಇಲ್ಲ. ಮೋಟಾರಿನ ಸದ್ದಿಗೆ ಕಿವಿಕೊಟ್ಟು ನಿಂತಿದ್ದಳು. ಸ್ವಲ್ಪ ಹೊತ್ತಿಗೆ ಹಣೆ ಹಿಡಿದು ಹಿಂದೆ ಸರಿದಳು. ಕಣ್ಣು ಕೋರೈಸಿತು ಎಂದಳು. "ಗಡಿಯಾರದೋಳು ನೀನು, ಮುಳ್ಳು ನೋಡ್ಕೊಂಡಿರು, ಸೂರ್ಯ ನನ್ನ ಇಲಾಖೆ" ಎಂದೆ. ಮತ್ತೆ ನಗು.

ಸಂಜೆ 4.20, ಅಂಗಡಿ. ಬೀಗದ ಕೈಗೆಂದು ಪ್ಯಾಂಟಿನ ಜೇಬಿಗೆ ಕೈ ಹಾಕಿದೆ. ನಿನ್ನೆಯದೇ ಪ್ಯಾಂಟು. ಕೈಗೆ ಸಿಕ್ಕಿದ್ದು ಫೈಂಡರಿನ ಮುಚ್ಚಳ.

ಫೆಬ್ರವರಿ 9

ನಿನ್ನೆ ಸದ್ದಿನ ಸಮೇತ ದಾಖಲಾಗಿದ್ದ ವಿಡಿಯೋ ಹಾಕಿ ನೋಡಿದೆ. 8.52ಕ್ಕೆ ಸೂರ್ಯನ ಬಿಂಬ ಒಮ್ಮೆ ಅಲುಗುತ್ತದೆ — ಯಾರದೋ ಹಣೆ ತಾಗಿದ ಹಾಗೆ. ಹಾಗೇ ನಡುಗುತ್ತಿರುತ್ತದೆ. ಆಮೇಲೆ ಜೋರಾಗಿ ಜಿಗಿದು ಸ್ಥಿರವಾಗುತ್ತದೆ. ಒಂದೊಂದೇ ಎಣಿಸಿದೆ. ನಲವತ್ತೊಂದು ಫ್ರೇಮ್. ಸೆಕೆಂಡಿಗೆ ಮೂವತ್ತು. ಒಂದೂಕಾಲು ಸೆಕೆಂಡು ದಾಟಿ ಸ್ವಲ್ಪ. ಹಿಂದೆ ನನ್ನ ದನಿ ಕೇಳುತ್ತದೆ, ಹಾಜರಿಯ ಜೋಕು.

ತಂಗಿ ಇಪ್ಪತ್ತಾರು ವರ್ಷದಿಂದ ಐಗ್ಲಾಸನ್ನು, ಗಡಿಯಾರದವರ ಆ ಪುಟ್ಟ ಭೂತಗನ್ನಡಿಯನ್ನು, ಬಲಗಣ್ಣಿಗೆ ಸಿಕ್ಕಿಸಿಕೊಂಡು ಕೂತವಳು. ಪುಟ್ಟ ಗಾಜು ಕಂಡರೆ ಬಲಗಣ್ಣು ತಾನಾಗಿ ಬಾಗುತ್ತದೆ. ಒಂಬತ್ತು ಜನರಲ್ಲಿ ಅವಳೊಬ್ಬಳೇ ಫೈಂಡರಿಗೆ ಕಣ್ಣಿಡುವವಳು. ಇದು ನನಗೆ ಹೊಳೆಯಬೇಕಿತ್ತು.

ಫೋನ್ ಮಾಡಿದೆ. ಹೇಗಿದ್ದೀಯಾ ಎಂದೆ. ಚೆನ್ನಾಗಿದ್ದೀನಿ, ಬಲಗಣ್ಣಿನ ನಡುವೆ ಎಳ್ಳಿನಷ್ಟು ಮಸುಕು, ನಿದ್ದೆ ಸಾಲದೇನೋ ಎಂದಳು. ಹೌದು ನಿದ್ದೆ ಮಾಡು ಎಂದೆ.

ಫೆಬ್ರವರಿ 11

ಕಣ್ಣಾಸ್ಪತ್ರೆ. ನಾನೇ ಕರೆದುಕೊಂಡು ಹೋದೆ, ಒಳ್ಳೆ ಅಣ್ಣ. ಎಡಗಣ್ಣು ಮುಚ್ಚಿದರೆ ಗೋಡೆಯ ಅಕ್ಷರಗಳ ನಡುವಿನದೇ ಕಾಣುವುದಿಲ್ಲ, ಅಕ್ಕಪಕ್ಕದ್ದು ಕಾಣುತ್ತದೆ. ಸ್ಕ್ಯಾನಿನಲ್ಲಿ ಅಕ್ಷಿಪಟಲದ ನಡುಭಾಗಕ್ಕೆ ಪೆಟ್ಟು. ಸೂರ್ಯನನ್ನು ನೋಡಿದ್ದುಂಟೇ ಎಂದು ಡಾಕ್ಟರಮ್ಮ ಕೇಳಿದರು. ನಮ್ಮಣ್ಣನ ಟೆಲಿಸ್ಕೋಪಿನಲ್ಲಿ, ಆದರೆ ಅವನು ದಿನಾ ಪರೀಕ್ಷೆ ಮಾಡಿ ಪುಸ್ತಕದಲ್ಲಿ ಬರೆದಿಡುತ್ತಾನೆ ಎಂದಳು. ಡಾಕ್ಟರಮ್ಮ ನನ್ನ ಕಡೆ ತಿರುಗಿ ಫಿಲ್ಟರ್ ಇತ್ತಾ ಎಂದರು.

"ಇತ್ತು" ಎಂದೆ.

ಇತ್ತು. ದೊಡ್ಡ ಕೊಳವೆಗೆ. ಕೇಳಿದ್ದಕ್ಕೆ ಸರಿಯಾದ ಉತ್ತರ. ಇಂಥ ಉತ್ತರಗಳಲ್ಲೇ ನಾನು ಅಂಗಡಿ ಕಟ್ಟಿದ್ದು.

ಹಾಗಾದರೆ ಮನೆಯಲ್ಲಿ ಯಾರಿಗಾದರೂ ಕಣ್ಣಿನ ತೊಂದರೆ ಇತ್ತೇ? ಅಮ್ಮನಿಗೆ ಕೊನೆಗಾಲದಲ್ಲಿ ಎದುರಿಗಿದ್ದವರ ಮುಖ ಕಾಣುತ್ತಿರಲಿಲ್ಲ ಎಂದಳು. ಡಾಕ್ಟರಮ್ಮ ಬರೆದುಕೊಂಡರು. ವಂಶದ್ದಿರಬಹುದು, ನಿಧಾನವಾಗಿ ಇನ್ನೊಂದು ಕಣ್ಣಿಗೂ ಬರಬಹುದು, ನೋಡೋಣ. ಸತ್ತು ಆರು ವರ್ಷವಾದ ಅಮ್ಮನ ತಲೆಗೆ ಕಟ್ಟಿದೆ.

ಬಸ್ಸಿನಲ್ಲಿ ತಂಗಿ ಒಂದೇ ಸಲ ಕೇಳಿದಳು. "ಅಣ್ಣ, ಆ ಚಿಕ್ಕದಕ್ಕೂ ಮುಚ್ಚಳ ಇತ್ತಲ್ವಾ?"

"ಬರೆದಿದ್ದೀನಲ್ಲೇ."

"ಹಂಗಾದ್ರೆ ಸರಿ ಬಿಡು."

ಫೆಬ್ರವರಿ 15

ಆಕಾಶ ಸ್ವಚ್ಛ. ನೋಡಲಿಲ್ಲ. ದೊಡ್ಡ ಗುಂಪು ಈ ಹೊತ್ತಿಗೆ ಅಂಚು ದಾಟಿ ಆಚೆ ಬದಿಗೆ ಹೋಗಿರಬೇಕು. ಮೂರು ದಿನ ಪುಸ್ತಕ ಖಾಲಿ. ಜ್ವರ ಬಂದಾಗಲೂ ಹೀಗಾಗಿರಲಿಲ್ಲ.

ಯಾವಾಗಲೂ ಊಟದ ಮೇಜಿನ ಮೇಲೆ ಬಿದ್ದಿರುತ್ತಿದ್ದ ಪುಸ್ತಕ ಈಗ ಡ್ರಾಯರಿನಲ್ಲಿ. ಹೆಂಡತಿ ಕಾಫಿ ಇಟ್ಟು ಡ್ರಾಯರಿನತ್ತ ನೋಡಿದಳು. "ಏನ್ರೀ, ಸೂರ್ಯನಿಗೂ ಬೀಗ ಹಾಕಿದ್ರಾ?" ಟೈಲ್ಸ್ ಲೋಡು ಬಂದಿದೆ, ಪುರುಸೊತ್ತಿಲ್ಲ ಎಂದೆ. ಭಾನುವಾರ ಯಾವ ಲೋಡು ಎಂದು ಕೇಳಲಿಲ್ಲ. ಕೇಳಿದ್ದರೆ ಚೆನ್ನಾಗಿತ್ತು.

ಫೆಬ್ರವರಿ 20

ತಂಗಿಯ ಮೇಜಿಗೆ ಹೋಗಿದ್ದೆ. ಕಾಂಪ್ಲೆಕ್ಸಿನ ಮೆಟ್ಟಿಲ ಕೆಳಗಿನ ಜಾಗ. ಒಂದು ದೀಪ, ಗಾಜಿನ ಗಂಟೆಯಂಥ ಮುಚ್ಚಳಗಳ ಕೆಳಗೆ ಬಿಚ್ಚಿಟ್ಟ ಯಂತ್ರಗಳು. ಪಕ್ಕದಲ್ಲಿ ಕೀ ಕೊರೆಯುವ ಬೀಗದವನು. ಐಗ್ಲಾಸನ್ನು ಎಡಗಣ್ಣಿಗೆ ಸಿಕ್ಕಿಸಿಕೊಂಡಿದ್ದಳು. ಅದು ಮತ್ತೆ ಮತ್ತೆ ಜಾರುತ್ತಿತ್ತು. ಆ ಬದಿಯ ಹುಬ್ಬಿಗೆ ಅದನ್ನು ಹಿಡಿದು ಗೊತ್ತಿಲ್ಲ. ಚಿಮಟದ ತುದಿಯಲ್ಲಿದ್ದ ಸ್ಕ್ರೂ ಸಿಡಿದು ಹೋಯಿತು. ಇಬ್ಬರೂ ನೆಲದ ಮೇಲೆ ಮಂಡಿಯೂರಿ ಹುಡುಕಿದೆವು. ಸಿಗಲಿಲ್ಲ. ಅವಳು ಸ್ಕ್ರೂ ಕಳೆದದ್ದನ್ನು ನಾನು ಕಂಡಿದ್ದೇ ಇಲ್ಲ.

ತಿಂಗಳ ಕೊನೆಗೆ ಮೇಜು ಬಿಟ್ಟುಬಿಡುತ್ತಾಳಂತೆ. ಬೀಗದವನಿಗೆ ಜಾಗ ತೆಗೆದುಕೋ ಎಂದು ಹೇಳಿಯಾಗಿದೆ, ಅವನಿಗೂ ಜಾಗ ಇಕ್ಕಟ್ಟು.

"ಎರಡೂ ಕಣ್ಣು ಹೋಗೋದೇ ಆದ್ರೆ, ಜನರ ಗಡಿಯಾರ ಹಾಳು ಮಾಡಿ ಹೆಸರು ಕೆಡಿಸ್ಕೊಳ್ಳೋದ್ಯಾಕಣ್ಣ. ಮರ್ಯಾದೆಯಾಗಿ ಏಳ್ತೀನಿ. ಅಮ್ಮನ ಮೇಲೆ ಸಿಟ್ಟು ಬರುತ್ತೆ ಒಂದೊಂದ್ಸಲ. ಪಾಪ, ಅವಳೇನ್ ಮಾಡ್ತಾಳೆ."

ನಾನು ಆಗ ಹೇಳಬೇಕಿತ್ತು. ಟೀ ತರಿಸಲಾ ಎಂದೆ.

ಫೆಬ್ರವರಿ 23

ಒಬ್ಬನೇ ಡಾಕ್ಟರಮ್ಮನ ಹತ್ತಿರ ಹೋದೆ. ಪರಿಚಯದವರೊಬ್ಬರು ಫಿಲ್ಟರಿಲ್ಲದ ದುರ್ಬೀನಿನಲ್ಲಿ ಸೂರ್ಯನನ್ನು ನೋಡಿದ್ದಾರೆ, ಒಂದೂಕಾಲು ಸೆಕೆಂಡು ದಾಟಿ, ಎಂದೆ. ಅದು ಸುಟ್ಟ ಗಾಯ, ವಂಶದ್ದಕ್ಕೂ ಅದಕ್ಕೂ ಸಂಬಂಧವಿಲ್ಲ ಎಂದರು. ಇನ್ನೊಂದು ಕಣ್ಣಿಗೆ ಬರುವುದಿಲ್ಲ. ಔಷಧ ಅಂತ ಇಲ್ಲ, ಆದರೆ ಕೆಲವರಿಗೆ ನಾಲ್ಕಾರು ತಿಂಗಳಲ್ಲಿ ಸುಮಾರಾಗಿ ವಾಪಸು ಬರುತ್ತದೆ. ಮಾತು ಕೊಡಲಾಗದು.

ನಾನು ಏಳುವಾಗ ಡಾಕ್ಟರಮ್ಮ ಕನ್ನಡಕ ತೆಗೆದರು. "ಒಂದೂಕಾಲು ಸೆಕೆಂಡು ಅಂತ ಇಷ್ಟು ಲೆಕ್ಕವಾಗಿ ಯಾರೂ ಹೇಳಲ್ಲ. ನಿಮ್ಮ ಪರಿಚಯದವರಿಗೆ ವಿಷಯ ಗೊತ್ತಿದೆಯಾ?"

ಇಲ್ಲ ಎಂದೆ. ಅದೊಂದು ನಿಜವಾದ ಉತ್ತರ.

ಫೆಬ್ರವರಿ 25

ಫೋನ್ ಮಾಡಿದೆ. ತಂಗಿಯ ಜೊತೆ ಹನ್ನೆರಡು ನಿಮಿಷ ಮಾತಾಡಿದೆ. ಬಚ್ಚಲಿಗೆ ಯಾವ ಟೈಲ್ಸ್ ಜಾರುವುದಿಲ್ಲ ಅನ್ನುವುದರ ಬಗ್ಗೆ. ಮುಂದೆ ಕಣ್ಣು ಮಂಜಾದರೆ ಬೇಕಾಗುತ್ತದಲ್ಲ ಎಂದು ಅವಳೇ ಕೇಳಿದ್ದು.

ಫೆಬ್ರವರಿ 28. ಬೆಳಗ್ಗೆ 7.15

ಕಾಫಿಗೆ ಮುಂಚೆ ಮಹಡಿ ಹತ್ತಿದೆ. ಫಿಲ್ಟರನ್ನು ಬೆಳಕಿಗೆ ಹಿಡಿದು ನೋಡಿದೆ. ತೂತಿಲ್ಲ. ಫೈಂಡರ್ ಬಿಚ್ಚಿ ಚೀಲಕ್ಕೆ ಹಾಕಿದೆ. ನೋಡಿದ ಮೇಲೆ ಬರೆಯುತ್ತಿದ್ದೇನೆ.

ಗುಂಪು 2, ಕಲೆ 5. ಒಂದು ಗುಂಪು ಪೂರ್ವದ ಅಂಚಿನಲ್ಲಿ ಈಗಷ್ಟೇ ಹಣಕುತ್ತಿದೆ. ಅದೇ. 7ನೇ ತಾರೀಖಿನ ದೊಡ್ಡ ಗುಂಪು ಸುತ್ತು ಹಾಕಿ ಬಂದಿದೆ. ಚಿಕ್ಕದಾಗಿದೆ, ಹೋಗಿಲ್ಲ.

8ನೇ ತಾರೀಖಿನ ಸಾಲು ಹೊಡೆದುಹಾಕಲಿಲ್ಲ. ಕೆಳಗೆ ಬರೆದೆ: ಮುಚ್ಚಳ ನನ್ನ ಜೇಬಿನಲ್ಲಿತ್ತು.

9.50. ತಂಗಿಯ ಮೇಜಿನಲ್ಲೇ ಕೂತು ಬರೆಯುತ್ತಿದ್ದೇನೆ. ಅವಳ ದೀಪ, ಅವಳ ಪೆನ್ನು.

ಮೊದಲು ವಿಡಿಯೋ ತೋರಿಸಿದೆ. ಆಮೇಲೆ ಮುಚ್ಚಳವನ್ನು ಮೇಜಿನ ಮೇಲಿಟ್ಟೆ. ಹೇಳಬೇಕಾದ್ದನ್ನು ಹೇಳಿದೆ, ಜೀವಮಾನದಲ್ಲಿ ಇಷ್ಟು ಕಡಿಮೆ ಮಾತಾಡಿದ್ದಿಲ್ಲ. ಸುಟ್ಟ ಗಾಯ ಎಂದೆ, ಎಡಗಣ್ಣಿಗೆ ಬರಲ್ಲ ಎಂದೆ, ಅಮ್ಮನದಲ್ಲ ಎಂದೆ. ಅವಳು ಎಡಗೈಯನ್ನು ಎಡಗಣ್ಣಿನ ಮೇಲಿಟ್ಟುಕೊಂಡಳು, ಅದು ಅಲ್ಲೇ ಇದೆಯಾ ಎಂದು ನೋಡುವವಳ ಹಾಗೆ. ಬೀಗದವನು ತನ್ನ ಯಂತ್ರ ಹೊತ್ತು ಬಂದ. "ಇವತ್ತು ಬೇಡಪ್ಪ, ನಾನು ಏಳ್ತಿಲ್ಲ" ಎಂದಳು. ಅವನು ನನ್ನ ಮುಖ ನೋಡಿ ಯಂತ್ರ ಹೊತ್ತು ವಾಪಸು ಹೋದ.

ಆಮೇಲೆ ಪುಸ್ತಕ ಕೇಳಿದಳು. ಕೊಟ್ಟೆ. ತಲೆಯನ್ನು ಒಂದು ಕಡೆಗೆ ತಿರುಗಿಸಿ, ಕೋಳಿ ನೋಡುವ ಹಾಗೆ ಓರೆಯಾಗಿ ಓದಿದಳು. ಒಂದು ಪುಟವನ್ನೂ ಬಿಡಲಿಲ್ಲ. ಬಸ್ಸಿನ ಮಾತು ಬಂದಲ್ಲಿ ಬೆರಳಿಟ್ಟು ಎರಡು ಸಲ ಓದಿದಳು.

"ನಲವತ್ತೊಂದು ಫ್ರೇಮ್ ಎಣಿಸಿದ್ದೀಯ. ಎಷ್ಟು ಕಲೆ, ಎಷ್ಟು ಗುಂಪು, ಎಷ್ಟು ಗಂಟೆ ಎಲ್ಲಾ ಇದೆ. ಇಪ್ಪತ್ತು ದಿನ ಯಾಕೆ ಸುಮ್ನಿದ್ದೆ ಅನ್ನೋದು ಎಲ್ಲೂ ಇಲ್ವಲ್ಲಣ್ಣ."

ನಾನು ಬಾಯಿ ತೆರೆದೆ.

"ಬಾಯಲ್ಲಿ ಬೇಡ. ಬಾಯಲ್ಲಿ ನೀನು ಏನ್ ಬೇಕಾದ್ರೂ ಹೇಳ್ತೀಯ. ಬರಿ."

ಪೆನ್ನು ಕೊಟ್ಟು ಎದುರಿನ ಸ್ಟೂಲಿನಲ್ಲಿ ಕೂತಿದ್ದಾಳೆ. ಐಗ್ಲಾಸನ್ನು ಎಡಗಣ್ಣಿಗೆ ಸಿಕ್ಕಿಸಿ ಜಾರದ ಹಾಗೆ ಹುಬ್ಬು ಬಿಗಿಯುವುದನ್ನು ಕಲಿಯುತ್ತಿದ್ದಾಳೆ. ಜಾರಿತು. ಮತ್ತೆ ಸಿಕ್ಕಿಸಿದಳು.

ಕಾರಣ. ಅಂಗಡಿಯ ಕೆಲಸ — ಅಲ್ಲ. ನಿನಗೆ ಗಾಬರಿಯಾಗಬಾರದು ಅಂತ — ಅದೂ ಅಲ್ಲ. ಆ ದಿನ ಮಹಡಿಯ ಮೇಲೆ ಒಂಬತ್ತು ಜನ ನನ್ನ ಮಾತು ಕೇಳುತ್ತಿದ್ದರು. ಹೆಡ್‌ಮೇಷ್ಟ್ರು ಕೇಳುತ್ತಿದ್ದರು. ನಾನು ಹೆದರಿದ್ದು ನಿನ್ನ ಕಣ್ಣು ಹೋದೀತೆಂದಲ್ಲ ತಂಗಿ, ನನ್ನ ಹೆಸರು ಹೋದೀತೆಂದು.