ಇಲ್ಲಿ ಓಡಬಾರದು ಎಂಬ ನಿಮ್ಮ ಫಲಕದ ಬಗ್ಗೆ

ಉದ್ಯಾನಗಳ ಮೇಲಧಿಕಾರಿಗಳೇ,

ನಮ್ಮ ಬಡಾವಣೆಯ ಉದ್ಯಾನದ ಬಾಗಿಲಿಗೆ ‘ಇಲ್ಲಿ ಓಡುವುದು ನಿಷಿದ್ಧ’ ಎಂದು ನೀವು ಹಾಕಿಸಿದ ಫಲಕವನ್ನು ತೆಗೆಸಿ ಎಂದು ಕೇಳಲು ಈ ಪತ್ರ. ಇದನ್ನು ಸಿಟ್ಟಿನಿಂದ ಬರೆಯಬೇಕಿತ್ತು. ಸಿಟ್ಟು ಬರುತ್ತಿಲ್ಲ. ನನ್ನ ದೂರೇ ಅದು.

ನಾನು ಹಲ್ಲಿನ ಸೆಟ್ ತಯಾರಿಸುವ ಲ್ಯಾಬಿನಲ್ಲಿ ಕೆಲಸ ಮಾಡುವವಳು. ಉಜ್ಜುವ ಯಂತ್ರದ ಕಿರುಗುಟ್ಟುವಿಕೆ, ಟ್ಯೂಬ್‌ಲೈಟಿನ ಗುಂಯ್, ಜೊತೆಯವರ ಮಾತು, ಎಲ್ಲವೂ ಒಟ್ಟಿಗೆ ತಲೆಯೊಳಗೆ ನುಗ್ಗುತ್ತವೆ. ನನಗೆ ಆಟಿಸಂ ಇದೆ, ಗೊತ್ತಾಗಿದ್ದು ನಡುವಯಸ್ಸಿನಲ್ಲಿ. ಸಂಜೆಯ ಹೊತ್ತಿಗೆ ನಾನೊಂದು ಮರದ ತುಂಡು. ಹಸಿವೋ, ನೋವೋ, ಬೇಜಾರೋ ತಿಳಿಯುವುದಿಲ್ಲ. ಓಡಿದರೆ ತಿಳಿಯುತ್ತದೆ. ಮೊದಲು ಪಾದ ನನ್ನದಾಗುತ್ತದೆ, ಆಮೇಲೆ ಉಸಿರು, ತಡವಾಗಿ ಮನಸ್ಸು. ಅಪ್ಪ ತೀರಿಕೊಂಡಾಗ ಮನೆಯಲ್ಲಿ ಬಾರದ ಅಳು ನಿಮ್ಮ ಉದ್ಯಾನದಲ್ಲಿ ಓಡುವಾಗ ಬಂತು. ಅದನ್ನು ಕೇಳಿ ನನ್ನ ಮನೋವೈದ್ಯೆ, “ಓಟ ಮಾತ್ರ ಬಿಡಬೇಡಿ” ಎಂದರು.

ಬೇಸಿಗೆಯಲ್ಲೊಂದು ಸಂಜೆ ಹೊಸ ಕಾವಲುಗಾರ ನನ್ನ ಬೆನ್ನ ಹಿಂದೆಯೇ ಸೀಟಿ ಊದಿದ. ಕಿವಿ ಮುಚ್ಚಿಕೊಂಡು ದಾರಿಯ ನಡುವೆ ಕುಸಿದು ಕುಳಿತೆ. ಜನ ಸೇರಿದರು. ಮುಂದಿನ ವಾರ ಫಲಕ ಬಂತು. ನಿಷೇಧವಾದದ್ದು ಓಟ, ಸೀಟಿ ಸುರಕ್ಷಿತವಾಗಿದೆ.

ಅತ್ತಿಗೆಯ ಜೊತೆ ನಿಮ್ಮ ಕಚೇರಿಗೆ ಬಂದೆ. ನೀವು ಅವರನ್ನೇ ಕೇಳಿದಿರಿ: “ನೋಡೋಕೆ ಚೆನ್ನಾಗೇ ಇದ್ದಾರಲ್ಲಮ್ಮ, ಏನಂತೆ ತೊಂದ್ರೆ?”

“ಅವಳನ್ನೇ ಕೇಳಿ ಸಾರ್, ಇಲ್ಲೇ ಕೂತಿದ್ದಾಳೆ,” ಎಂದರು ಅತ್ತಿಗೆ.

“ಪಾರ್ಕಲ್ಲಿ ನಡೀಲಿ, ನಾನೇನ್ ಬೇಡ ಅಂದ್ನಾ? ಓಡ್ಲೇಬೇಕು ಅಂದ್ರೆ ರಸ್ತೆ ಇದೆಯಲ್ಲ,” ಎಂದಿರಿ ನೀವು, ಮತ್ತೆ ಅವರಿಗೇ.

ರಸ್ತೆಯಲ್ಲೂ ಓಡಿ ನೋಡಿದೆ, ಮಾನ್ಯರೇ. ಹಾರ್ನು, ನಾಯಿ, “ಯಾರ್ ಅಟ್ಟಿಸ್ಕೊಂಡ್ ಬರ್ತಿದಾರೆ?” ಎಂಬ ಕುಶಲೋಪರಿ. ನಿಮ್ಮ ಉದ್ಯಾನದಲ್ಲಿ ನಗೆಕೂಟದವರು ಗಹಗಹಿಸಬಹುದು, ಮೈಕಿನಲ್ಲಿ ಭಾಷಣವಾಗಬಹುದು. ಒಬ್ಬಳು ತನ್ನ ಪಾಡಿಗೆ ಓಡಿದರೆ ಮಾತ್ರ ಶಾಂತಿಭಂಗವೇ? ಕಣ್ಣು ತಪ್ಪಿಸಿ ಓಡಬಹುದಿತ್ತಲ್ಲ ಎನ್ನುತ್ತಾರೆ ಕೆಲವರು. ಬರೆದಿಟ್ಟ ನಿಯಮ ಮೀರುವುದು ನನ್ನಿಂದಾಗದು. ನಿಮ್ಮ ಇಲಾಖೆಗೆ ಇಷ್ಟು ವಿಧೇಯಳಾದವಳು ಇನ್ನೊಬ್ಬಳು ಸಿಗಲಾರಳು.

ಕಳೆದ ತಿಂಗಳು ಅಮ್ಮ ಹೋದರು. ನಾನು ಬಂದವರಿಗೆ ಕುರ್ಚಿ ಹಾಕಿದೆ, ಲೋಟ ತೊಳೆದೆ. ಚಿಕ್ಕಮ್ಮ ಪಕ್ಕದವರಿಗೆ ಹೇಳುತ್ತಿದ್ದದ್ದು ಕೇಳಿಸಿತು: “ಹೆತ್ತ ತಾಯಿ ಹೋದ್ರೂ ಕಣ್ಣಲ್ಲಿ ಒಂದ್ ಹನಿ ಇಲ್ಲ. ಕಲ್ಲು ಕಣೇ ಇವ್ಳು.” ಆಗಲೂ ಏನೂ ಅನಿಸಲಿಲ್ಲ. ಅತ್ತಿಗೆ ನನ್ನ ಕೈಯಿಂದ ಲೋಟ ಕಿತ್ತುಕೊಂಡು, “ಹೋಗಿ ಓಡ್ಕೊಂಡ್ ಬಾ, ಮನೆ ನಾನ್ ನೋಡ್ಕೋತೀನಿ,” ಎಂದರು.

ಉದ್ಯಾನದ ಬಾಗಿಲಲ್ಲಿ ಕಾವಲುಗಾರ ಫಲಕ ತೋರಿಸಿದ. ಅಮ್ಮ ಹೋದರು ಎಂದೆ.

“ಅಯ್ಯೋ ಪಾಪ. ಆದ್ರೂ ನಿಧಾನಕ್ಕೆ ನಡೀರಿ ಮೇಡಂ, ನನ್ ಕೆಲ್ಸ ಹೋಗುತ್ತೆ.”

ಒಂದು ಸುತ್ತು ನಡೆದು ಮನೆಗೆ ಬಂದೆ. ಏನೂ ಆಗಲಿಲ್ಲ.

ನಿಮ್ಮ ಅನುಕಂಪ ಬೇಡ, ನನ್ನಂಥವರಿಗಾಗಿ ಒಂದು ದಿನಾಚರಣೆಯೂ ಬೇಡ. ಫಲಕ ತೆಗೆಸಿ. ಅಷ್ಟಾಗದಿದ್ದರೆ ಬೆಳಗಿನ ಹೊತ್ತಾದರೂ ಓಡಲು ಬಿಡಿ, ಅದನ್ನು ಬರೆದು ಕೊಡಿ. ಅಮ್ಮನಿಗಾಗಿ ನಾನಿನ್ನೂ ಅತ್ತಿಲ್ಲ.

ಇಂತಿ,
ನಿಮ್ಮ ಆದೇಶದ ಪ್ರಕಾರ ನಿಧಾನವಾಗಿ ನಡೆಯುತ್ತಿರುವ
ಒಬ್ಬ ಮಗಳು