ಖುಶ್‌ನಜರ್ ಬಗ್ಗೆ ನಾಲ್ಕು ಸಾಲು

ದುಶಾನ್ಬೆ
12 ಡಿಸೆಂಬರ್ 2002, ಗುರುವಾರ

ನನ್ನ ಪ್ರೀತಿಯ ಸವ್ಸನ್,

ನಿನಗೆ, ನಿನ್ನ ಅತ್ತೆಗೆ ನನ್ನ ಸಲಾಮು. ನಿಮ್ಮ ಖೋರೋಗಿನಲ್ಲಿ ಆಗಲೇ ಮೊಣಕಾಲುದ್ದ ಹಿಮವಂತೆ. ಅತ್ತೆಯ ಕೆಮ್ಮು ಹೇಗಿದೆ? ನಿನ್ನ ಎರಡು ಕಾಗದಗಳಿಗೂ ಉತ್ತರ ಬರೆಯಲಿಲ್ಲ, ಕ್ಷಮಿಸು. ದಿನವಿಡೀ ಪತ್ರಿಕೆಯಲ್ಲಿ ಬೇರೆಯವರ ಬರಹ ತಿದ್ದಿಕೊಂಡು ಕೂರುವ ನನಗೆ, ನಿನಗೆ ಬರೆಯಲು ಒಂದು ಸಾಲೂ ಸಿಗುತ್ತಿರಲಿಲ್ಲ.

ಚಾಲಕ ಶೋದ್ಮೋನ್ ನಾಳೆ ಬೆಳಿಗ್ಗೆ ನಿಮ್ಮ ಕಡೆ ಹೊರಡುತ್ತಾನೆ. ಪತ್ರಿಕೆಯ ಕಟ್ಟು ಶನಿವಾರದ ಜೀಪಿನಲ್ಲಿ ಬರುತ್ತದೆ. ಅದಕ್ಕಿಂತ ಮೊದಲು ಈ ಕಾಗದ ನಿನ್ನ ಕೈ ಸೇರಬೇಕು. ಜೊತೆಗೊಂದು ಗಂಟು ಕಳಿಸಿದ್ದೇನೆ. ಕಾಗದ ಪೂರ್ತಿ ಓದಿದ ಮೇಲೆ ಬಿಚ್ಚು.

ನಿನ್ನ ಗಂಡ ಖುಶ್‌ನಜರನ ಬಗ್ಗೆ ನಮ್ಮ ಪತ್ರಿಕೆಗೆಂದು ನೀನು ಬರೆದು ಕಳಿಸಿದ ನಾಲ್ಕು ಸಾಲು ನನಗೆ ಬಾಯಿಪಾಠವಾಗಿವೆ. ‘ಶಾಲಾ ಮಾಸ್ತರ ಖುಶ್‌ನಜರನನ್ನು ಹತ್ತು ವರ್ಷದ ಹಿಂದೆ, ಡಿಸೆಂಬರ್ ಹದಿನಾಲ್ಕರಂದು, ಟ್ರಾಲಿಬಸ್ಸಿನಿಂದ ಇಳಿಸಿಕೊಂಡು ಹೋದರು. ಪಾಸ್‌ಪೋರ್ಟಿನಲ್ಲಿ ಹುಟ್ಟಿದ ಊರು ಖೋರೋಗ್ ಎಂದಿದ್ದದ್ದು ನೋಡಿ ಇಳಿಸಿದರು. ಆ ಬಸ್ಸಿನಲ್ಲಿದ್ದವರು ಯಾರಾದರೂ ಇದ್ದರೆ ಹೇಳಿ. ಮನೆಯಲ್ಲಿ ಕಾಯುತ್ತಿದ್ದೇವೆ.’

ನಮ್ಮ ಸಂಪಾದಕರು, ಎಲ್ಲರಿಗೂ ಅಣ್ಣನಾದ ಹೋಷಿಮ್ ಅಕಾ, ಅದನ್ನು ಎರಡು ಸಲ ಓದಿ ಕನ್ನಡಕ ತೆಗೆದರು. “ಅಂತರ್ಯುದ್ಧ ಮುಗಿದು ಐದು ವರ್ಷ ಆಯ್ತು ಸಬೋಹತ್. ಈ ಥರದ ಒಂದು ಸಾಲೂ ನಾವು ಹಾಕಿಲ್ಲ. ಹಾಕೋಣ” ಅಂದರು.

ಸೋಮವಾರ ಮುದ್ರಣಾಲಯದಿಂದ ಫೋನು ಬಂತು. ಮಷೀನು ಕೆಟ್ಟಿದೆಯಂತೆ.

“ನಮ್ಮ ಪೇಪರ್ ಕಂಡ್ರೆ ಮಾತ್ರ ನಿಮ್ಮ ಮಷೀನಿಗೆ ಜ್ವರ ಬರುತ್ತೇನಪ್ಪ?” ಎಂದು ಹೋಷಿಮ್ ಅಕಾ ನಕ್ಕರು.

“ಅಕಾ, ನನಗೆ ಮೂರು ಮಕ್ಕಳು” ಅಂದಿತು ಆ ಕಡೆಯ ದನಿ. ಹೋಷಿಮ್ ಅಕಾ ನಗು ನಿಲ್ಲಿಸಿದರು. ಸಂಜೆಯವರೆಗೆ ಅಲ್ಲೇ ಹೋಗಿ ಕೂತು, ಬೇಡಿಕೊಂಡು, ಬುಧವಾರಕ್ಕೆ ಒಪ್ಪಿಸಿಕೊಂಡು ಬಂದರು.

ಮಂಗಳವಾರ ಒಬ್ಬ ಮನುಷ್ಯ ಬಂದ. ಒಳ್ಳೆಯ ಕೋಟು, ಮೆತ್ತಗಿನ ಮಾತು. ಸಂಪಾದಕರ ಕೋಣೆಗೆ ಹೋಗಲಿಲ್ಲ. ನೇರ ನನ್ನ ಮೇಜಿನ ಎದುರು ಕುರ್ಚಿ ಎಳೆದುಕೊಂಡ.

“ಅಕ್ಕಾ, ಹಸಿರು ಚಹಾ ಇದೆಯಾ? ಹೊರಗೆ ತುಂಬಾ ಚಳಿ.”

ಬಟ್ಟಲು ಕೊಟ್ಟೆ. ಚಹಾ ಅಚ್ಚಿಗೆ ಹೋಗಬೇಕಿದ್ದ ಪ್ರೂಫಿನ ಮೇಲೆ ಚೆಲ್ಲಿತು. ಅವನು ತನ್ನ ಕರವಸ್ತ್ರದಿಂದ ಒರೆಸಿದ. ಒರೆಸುತ್ತ ಒರೆಸುತ್ತ ಓದಿದ.

“ಅಚ್ಚಿಗೆ ಹೋಗೋ ಮುಂಚೆ ಕೊನೇಲಿ ಓದೋದು ನೀವೇ ಅಂತೆ?”

“ನಾನು ತಪ್ಪು ತಿದ್ದೋಳು ಅಷ್ಟೇ.”

“ಹಾಗಾದ್ರೆ ತಪ್ಪು ಉಳಿಸಬೇಡಿ. ಊರು ಈಗಷ್ಟೇ ನಿದ್ದೆ ಮಾಡೋಕೆ ಶುರು ಮಾಡಿದೆ.” ಎದ್ದು ನಿಂತವನು, “ಚಹಾ ಚೆನ್ನಾಗಿತ್ತು. ನಿಮ್ಮ ಮನೆ ಮೂರನೇ ಮಹಡಿ ಅಲ್ವಾ? ಲಿಫ್ಟ್ ಕೆಟ್ಟಿದೆ ಪಾಪ” ಅಂದ.

ಅಂದಿನಿಂದ ಮೆಟ್ಟಿಲ ಮೇಲೆ ಯಾರ ಹೆಜ್ಜೆ ಕೇಳಿದರೂ ಒಲೆ ಆರಿಸಿ ನಿಲ್ಲುತ್ತೇನೆ. ಎರಡನೇ ಮಹಡಿ ದಾಟಿತೇ ಎಂದು ಎಣಿಸುತ್ತೇನೆ. ಕವಿತೆಯ ಪುಸ್ತಕ ತೆಗೆದರೆ ಒಂದೇ ಸಾಲನ್ನು ಮತ್ತೆ ಮತ್ತೆ ಓದುತ್ತಿರುತ್ತೇನೆ. ಹಾಸ್ಟೆಲಿನಲ್ಲಿ ನಾವಿಬ್ಬರೂ ಗಟ್ಟಿಯಾಗಿ ಓದುತ್ತಿದ್ದಾಗ ಖುಶ್‌ನಜರ್ ಕಿಟಕಿಯ ಕೆಳಗೆ ಬಿಸಿ ರೊಟ್ಟಿ ಹಿಡಿದು, “ಕವಿತೆ ಓದೋರಿಗೆ ಹಸಿವಾಗಲ್ವೇನ್ರೇ?” ಎಂದು ಕೂಗುತ್ತಿದ್ದದ್ದು ನೆನಪಾಗುತ್ತದೆ.

ಇನ್ನು ಹೇಳದೆ ವಿಧಿಯಿಲ್ಲ. ಇವತ್ತಿನ ಪತ್ರಿಕೆಯಲ್ಲಿ ಅವನ ಹೆಸರಿದೆ. ಆದರೆ ನೀನು ಬರೆದಂತಿಲ್ಲ. ಕೊನೆಯ ಪುಟದಲ್ಲಿ, ಸಂತಾಪಗಳ ಜೊತೆ, ಕಪ್ಪು ಚೌಕಟ್ಟಿನೊಳಗೆ ಇದೆ. ‘ಶಾಲಾ ಮಾಸ್ತರ ಖುಶ್‌ನಜರ್ ಅವರ ನಿಧನಕ್ಕೆ ಗೆಳೆಯರ ಸಂತಾಪ.’ ಇಷ್ಟೇ. ಟ್ರಾಲಿಬಸ್ಸಿಲ್ಲ, ಪಾಸ್‌ಪೋರ್ಟಿಲ್ಲ, ಕೇಳಿದ ಪ್ರಶ್ನೆಯಿಲ್ಲ.

ಅವನು ಸತ್ತನೆಂದು ಒಪ್ಪದೆ, ಹತ್ತು ವರ್ಷದಿಂದ ನೀನು ಅವನಿಗಾಗಿ ಸಾವಿನ ಮನೆಯ ದೀಪ ಹಚ್ಚಿಸಿಲ್ಲ. ಬಂಧುಗಳು ಬೈದರೂ ಹಚ್ಚಿಸಿಲ್ಲ. ಈಗ ಕಟ್ಟು ಬಂದು ತಲುಪಿದರೆ ನೆರೆಯವರು ರೊಟ್ಟಿ ಹಿಡಿದು, ತಲೆ ತಗ್ಗಿಸಿ, ನಿನ್ನ ಬಾಗಿಲಲ್ಲಿ ಜೋಡು ಬಿಡುತ್ತಾರೆ. ಅವರಿಗೆ ಹೇಳು, ಪತ್ರಿಕೆ ಸುಳ್ಳು ಬರೆದಿದೆ ಅಂತ. ಅತ್ತೆಗೆ ಮೊದಲು ಹೇಳು. ಆಕೆ ಅದನ್ನು ನೆರೆಯವರ ಬಾಯಿಂದ ಕೇಳಬಾರದು.

ದೇವರು ನಿನ್ನ ಮನೆಯನ್ನು ಬೆಚ್ಚಗಿಡಲಿ. ಅತ್ತೆಯ ಕೈಗೆ ನನ್ನ ಮುತ್ತು.

ನಿನ್ನ
ಸಬೋಹತ್

ಮರೆತಿದ್ದು: ಮರೆತಿಲ್ಲ ಸವ್ಸನ್, ಬರೆಯಲು ಹೆದರಿದ್ದೆ. ಹೋಷಿಮ್ ಅಕಾ ನಿನ್ನ ಸಾಲುಗಳನ್ನು ಹಾಗೇ ಬಿಟ್ಟಿದ್ದರು. ಬುಧವಾರ ಅವನ್ನು ಹೊಡೆದು ಹಾಕಿ ಸಂತಾಪ ಬರೆದದ್ದು ನನ್ನ ಕೆಂಪು ಪೆನ್ಸಿಲ್ಲು. ಕೋಟಿನವನ ಭಯ ಇತ್ತು, ನಿಜ. ಆದರೆ ಅವನು ಬರುವ ಮುಂಚೆಯೂ ನಿನ್ನ ಮೂರನೆಯ ಸಾಲನ್ನು, ಬಸ್ಸಿನಲ್ಲಿದ್ದವರು ಹೇಳಿ ಎಂದದ್ದನ್ನು, ನೋಡಿದಾಗಲೆಲ್ಲ ಪ್ರೂಫನ್ನು ಮಗುಚಿ ಇಡುತ್ತಿದ್ದೆ. ಆ ಬಸ್ಸಿನಲ್ಲಿ ನಾನಿದ್ದೆ. ಅವನ ಪಕ್ಕದ ಸೀಟಿನಲ್ಲೇ ಕೂತಿದ್ದೆ. ಬಂದೂಕಿನವನು ನನ್ನ ಪಾಸ್‌ಪೋರ್ಟ್ ನೋಡಿ ವಾಪಸು ಕೊಟ್ಟು, “ಇವನು ನಿಮ್ಮ ಕಡೆಯವನಾ?” ಎಂದು ಕೇಳಿದ. “ಅಲ್ಲ, ನಂಗೆ ಗೊತ್ತಿಲ್ಲ” ಅಂದೆ. ಖುಶ್‌ನಜರ್ ನನ್ನತ್ತ ತಿರುಗಿಯೂ ನೋಡಲಿಲ್ಲ. ನೋಡಿದ್ದರೆ ನನ್ನನ್ನೂ ಇಳಿಸುತ್ತಿದ್ದರು. ಏಳುವಾಗ ಕೈಚೀಲವನ್ನು ಮೆಲ್ಲಗೆ ನನ್ನ ಕಾಲ ಬಳಿ ಸರಿಸಿದ. ಹತ್ತು ವರ್ಷ ನನ್ನ ಮಂಚದ ಕೆಳಗಿತ್ತು ಅದು. ಈಗ ಗಂಟು ಬಿಚ್ಚು. ಒಳಗಿರುವುದು ಅವತ್ತು ಬೆಳಿಗ್ಗೆ ಅವನು ಚಮ್ಮಾರನಿಂದ ಬಿಡಿಸಿಕೊಂಡು ತಂದ ನಿನ್ನ ಬೂಟುಗಳು, ಹೊಸ ಹಿಮ್ಮಡಿ ಹೊಡೆಸಿದ್ದಾನೆ.