ತಂತಿ ಬಿಗಿದ ಮಡಕೆ

ಪ್ಯಾರಿಸ್,
ಸೋಮವಾರ, ೪ ಫೆಬ್ರವರಿ ೧೯೬೩

ಪ್ರಿಯ ತಂಗಿ ಕ್ಲೋಟಿಲ್ಡ್,

ನಿನ್ನ ಮೊಣಕಾಲು ನೋವು ಹೇಗಿದೆ? ಈ ಚಳಿಯಲ್ಲಿ ಉಣ್ಣೆಬಟ್ಟೆ ಸುತ್ತಿಕೊಳ್ಳದೆ ಹೊರಗೆ ಹೋಗಬೇಡ. ಮೂವತ್ತೊಂದು ವರ್ಷ ಒಂದು ಸಾಲೂ ಬರೆಯದ ಅಕ್ಕನಿಗೆ ಇದೆಲ್ಲ ಹೇಗೆ ತಿಳಿಯಿತೆಂದು ನೀನು ಬೆರಗಾಗುವೆ. ನಿನ್ನೆ ನಡೆದದ್ದನ್ನು ಹೇಳುತ್ತೇನೆ, ಕೇಳು.

ನಮ್ಮ ಬೀದಿಯ ಮೂಲೆಯಲ್ಲಿ ಹೊಸದೊಂದು ಊಟದ ಮನೆ ತೆರೆದಿದೆ. ಬಾಗಿಲ ಹಲಗೆಯ ಮೇಲಿದ್ದ ಎರಡು ಕಾಗುಣಿತದ ತಪ್ಪುಗಳನ್ನು ತಿದ್ದಿಸಿದ ಮೇಲೆಯೇ ನಾನು ಒಳಗೆ ಕುಳಿತೆ. ಭಾನುವಾರದ ಸಾರನ್ನು ಅಲ್ಲಿ ಬೇಯಿಸಿದ ಮಡಕೆಯಲ್ಲಿಯೇ ಮೇಜಿಗೆ ತರುತ್ತಾರೆ. ಯಜಮಾನಿ ನನ್ನ ಮುಂದೆ ಮಡಕೆಯನ್ನಿಟ್ಟು ನಕ್ಕಳು: "ಹುಷಾರು ಟೀಚರಮ್ಮಾ, ಮುದುಕಿ ಇವ್ಳು, ಸೊಂಟಕ್ಕೆ ಪಟ್ಟಿ ಕಟ್ಟಿದೀವಿ. ತಪ್ಪು ಹುಡುಕೋದಾದ್ರೆ ನನ್ನಲ್ಲಿ ಹುಡುಕಿ, ಇವ್ಳನ್ನ ಬೈಬೇಡಿ!" ಮಡಕೆಯ ಸುತ್ತ ತಂತಿ ಬಿಗಿದಿತ್ತು. ಎಡಗಡೆಯ ಹಿಡಿಯ ಕೆಳಗೆ ನಮ್ಮ ಅಮ್ಮ ಮೊಳೆಯಿಂದ ಗೀಚಿದ ಶಿಲುಬೆಯಿತ್ತು. ಕ್ಲೋಟಿಲ್ಡ್, ನಮ್ಮ ಮಡಕೆ ಒಡೆದಾಗ ಚೂರುಗಳನ್ನು ಕಸಕ್ಕೆ ಎಸೆದರೆಂದೇ ನಾನು ನಂಬಿದ್ದೆ. ಅವನ್ನು ನೀನು ಏಪ್ರನ್ನಿನಲ್ಲಿ ಕಟ್ಟಿಕೊಂಡು ಮನೆ ಬಿಟ್ಟೆಯೆಂದು ಯಾರು ಬಲ್ಲರು?

ಒಡೆದದ್ದು ಹೇಗೆಂದು ಕೇಳಿದೆ, ಕೇಳಬಾರದಿತ್ತು. "ನಮ್ಮಮ್ಮಂದೇ ಕೆಲ್ಸ. ಕುದಿಯೋ ಮಡಕೇನ ಒದ್ದೆ ಕಲ್ಲಿನ ಮೇಲಿಟ್ಟುಬಿಟ್ಳಂತೆ. ಆಮೇಲೆ ಬಿರುಕು ತುಂಬ್ಲಿ ಅಂತ ಹಾಲು ಕುದ್ಸಿದ್ದಾಳೆ ನೋಡಿ, ಏಳು ದಿನ! ಈಗ್ಲೂ ಒಲೆ ಮೇಲಿಂದ ಮಡಕೆ ಇಳ್ಸಲ್ಲ. 'ನನ್ ಕೈ ಸರಿಯಿಲ್ಲ ಕಣೇ, ನೀನೇ ಇಳ್ಸು' ಅಂತಾಳೆ."

ನಾನು ಅವಳ ಹೆಸರು ಕೇಳಿದೆ. ಆ ಯಜಮಾನಿ ನಿನ್ನ ಮಗಳು ಜಿನೆಟ್. ಮಡಕೆ ಒಡೆದ ಮೇಲೆ ಅಮ್ಮ ಸಾಯುವವರೆಗೂ ನಿನ್ನನ್ನು ಒಲೆಯ ಬಳಿ ಬಿಡಲಿಲ್ಲ. ನಾನು ಪಕ್ಕದಲ್ಲೇ ನಿಂತು ಸುಮ್ಮನಿದ್ದೆ. ನಾನಾರೆಂದು ಜಿನೆಟ್‌ಳಿಗೆ ಹೇಳಲು ಧೈರ್ಯ ಬರಲಿಲ್ಲ. ತಂತಿ ಬಿಗಿದವನನ್ನು ವಿಚಾರಿಸಬೇಕೆಂಬ ನೆಪ ಹೂಡಿ ನಿನ್ನ ವಿಳಾಸವನ್ನೂ ಮೊಣಕಾಲಿನ ಸುದ್ದಿಯನ್ನೂ ಪಡೆದೆ. ಸಾರು ಅಮ್ಮನದೇ ರುಚಿ. ಮುಗಿಸಲಾಗಲಿಲ್ಲ.

ದೇವರು ನಿನ್ನ ಕೈಗಳನ್ನು ಕಾಯಲಿ.

ನಿನ್ನ ಅಕ್ಕ,
ಒರ್ತಾನ್ಸ್

ತಾ.ಕ.: ಅಂಚೆಯವನು ಬರುವ ಹೊತ್ತಾಯಿತು, ಬೇಗ ಹೇಳಿಬಿಡುತ್ತೇನೆ. ಆ ಮಡಕೆಯನ್ನು ಕಿಟಕಿಯ ಒದ್ದೆ ಕಲ್ಲಿನ ಮೇಲಿಟ್ಟವಳು ನಾನು. ನೀನಾಗ ಅಂಗಳದಲ್ಲಿ ಬಟ್ಟೆ ಹರವುತ್ತಿದ್ದೆ, ನೆನಪಿಸಿಕೊ. ಇಟ್ಟವಳು ನೀನೇ ಎಂದು ನಾನು ಅಮ್ಮನಿಗೆ ಅಷ್ಟು ಖಚಿತವಾಗಿ ಹೇಳಿದ್ದರಿಂದ ನೀನೂ ನಂಬಿಬಿಟ್ಟೆ. ಮುಂದಿನ ಭಾನುವಾರ ಬಾ. ಜಿನೆಟ್‌ಳ ಎದುರಿನಲ್ಲಿ ಆ ಮಡಕೆಯನ್ನು ಒಲೆಯಿಂದ ನೀನೇ ಇಳಿಸಬೇಕು.